ರಸ್ತೆಯಲ್ಲಿ ಸತ್ತ ಜಿಂಕೆ ಯಾರದು?

ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ವಾಹನ ಢಿಕ್ಕಿಯಾಗಿ ಸತ್ತ ಜಿಂಕೆಯನ್ನು ಮನೆಗೊಯ್ದು ಅಡುಗೆ ಮಾಡಲು ಕಾನೂನಿನ ಅನುಮತಿಯಿದೆ. ಇದನ್ನು ಕೇಳಿದೊಡನೆ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ಶವ ತಿನ್ನುವ ಜನ ಎಂದು ನಗುವವರೂ ಇದ್ದಾರೆ. ನಗುವ ಮುನ್ನ ಆ ಕಾನೂನನ್ನು ತುಸು ನೋಡೋಣ.

2017ರಲ್ಲಿ ಅಂಗೀಕಾರಗೊಂಡು 2019ರ ಜನವರಿಯಿಂದ ಜಾರಿಗೆ ಬಂದ ಈ ಕಾನೂನಿನ ಪ್ರಕಾರ, ಪ್ರಾಣಿಯನ್ನು ಒಯ್ದವನು 24 ಗಂಟೆಯೊಳಗೆ ಪರವಾನಿಗೆಗೆ ಅರ್ಜಿ ಸಲ್ಲಿಸಬೇಕು. ಶುಲ್ಕವಿಲ್ಲ. ಆದರೆ ತಲೆ ಮತ್ತು ಕೊಂಬುಗಳನ್ನು ಐದು ಕೆಲಸದ ದಿನಗಳೊಳಗೆ ವನ್ಯಜೀವಿ ಇಲಾಖೆಗೆ ಒಪ್ಪಿಸಬೇಕು. ಕೊಂಬಿನ ಆಸೆಗೆ ಬೇಕೆಂದೇ ವಾಹನ ನುಗ್ಗಿಸುವವನಿಗೆ ಇದರಿಂದ ಲಾಭವಿಲ್ಲದಂತಾಯಿತು. ರೋಗ ಪರೀಕ್ಷೆಗೂ ತಲೆ ಬೇಕಾಗುತ್ತದೆ. ಕರುಳಿನ ಸಮೇತ ಇಡೀ ದೇಹವನ್ನು ರಸ್ತೆಯಿಂದ ತೆರವುಗೊಳಿಸಬೇಕು. ತಿಂದು ಕಾಯಿಲೆ ಬಿದ್ದರೆ ಸರಕಾರ ಹೊಣೆಯಲ್ಲ.

ಅಲಾಸ್ಕಾದಲ್ಲಿ ಕ್ರಮ ಬೇರೆ. ಅಲ್ಲಿ ಮೂಸ್ ಎಂಬ, ಕುದುರೆಗಿಂತಲೂ ಎತ್ತರದ ಜಿಂಕೆಗಳು ಪ್ರತಿ ವರ್ಷ ನೂರಾರು ಸಂಖ್ಯೆಯಲ್ಲಿ ವಾಹನಗಳಿಗೆ ಬಲಿಯಾಗುತ್ತವೆ. ಸತ್ತ ಮೂಸ್ ಸರಕಾರದ ಸೊತ್ತು. ಪೊಲೀಸರು ಪಟ್ಟಿಯಲ್ಲಿರುವ ಸೇವಾ ಸಂಸ್ಥೆಗಳಿಗೆ ಕರೆ ಮಾಡುತ್ತಾರೆ. ಸ್ವಯಂಸೇವಕರು ಹಿಮ ಬೀಳುವ ರಾತ್ರಿಯಲ್ಲೂ ಬಂದು ಒಯ್ಯುತ್ತಾರೆ. ಮಾಂಸ ಬಡ ಕುಟುಂಬಗಳಿಗೆ ತಲುಪುತ್ತದೆ.

ಆ ಮಾಂಸ ನಮಗೆ ನಿಷಿದ್ಧ. ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 3ನೇ ಸೂಕ್ತವು ಶವವನ್ನು ಮಾತ್ರವಲ್ಲ, ಪೆಟ್ಟು ಬಿದ್ದು ಸತ್ತುದನ್ನೂ ಹೆಸರಿಸಿಯೇ ನಿಷೇಧಿಸಿದೆ. ಇದರಲ್ಲಿ ಚರ್ಚೆಗೆ ಆಸ್ಪದವಿಲ್ಲ. ಆದರೆ ಆಹಾರ ವ್ಯರ್ಥವಾಗಬಾರದು, ಹಸಿದವನಿಗೆ ಮುಟ್ಟಬೇಕು ಎಂಬ ಕಾಳಜಿ ನಮಗೆ ಅಪರಿಚಿತವೇ? ಮದುವೆ ಮಂಟಪಗಳ ಹಿಂದೆ ಚೆಲ್ಲಿದ ಬಿರಿಯಾನಿಯ ರಾಶಿಯನ್ನು, ಅಪ್ಪಟ ಹಲಾಲ್ ಬಿರಿಯಾನಿಯನ್ನು, ಕಂಡವರು ಉತ್ತರಿಸಲಿ.

ಇನ್ನೊಂದು ಮಾತು ನಮಗೆ ನೇರವಾಗಿ ಸಂಬಂಧಿಸಿದ್ದು. ಅದೇ ಸೂಕ್ತದಲ್ಲಿ, ಜೀವ ಹೋಗುವ ಮುನ್ನ ಝಬಹ್ ಮಾಡಿದ್ದಕ್ಕೆ ವಿನಾಯಿತಿಯಿದೆ. ಬಂಡೀಪುರದ ಮೂಲಕ ಊಟಿಗೋ ವಯನಾಡಿಗೋ ಹೊರಟ ಕುಟುಂಬವೊಂದು ರಸ್ತೆ ಬದಿಯಲ್ಲಿ ಒದ್ದಾಡುವ ಚುಕ್ಕೆ ಜಿಂಕೆಯನ್ನು ಕಂಡು, ಈ ವಿನಾಯಿತಿಯನ್ನು ನೆನೆದು ಚೂರಿ ತೆಗೆದರೆ, ನಮ್ಮ ದೇಶದ ಕಾನೂನಿನಲ್ಲಿ ಅದು ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಬಿದ್ದ ಕಾಡುಪ್ರಾಣಿಯೂ ಸರಕಾರದ ಸೊತ್ತು; ಅದು ಕೈಸೇರಿದವನು 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರಿಗೋ ವರದಿ ಮಾಡಬೇಕು. ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ.

ಈ ಕಾಯ್ದೆ ಕಠೋರವೆಂದು ನಮಗನಿಸುವುದಿಲ್ಲ. ಪರವಾನಿಗೆ ಪಡೆದು ಜಿಂಕೆ ಬೇಟೆಯಾಡಬಹುದಾದ ನಾಡಿಗೆ ಒರೆಗಾನಿನ ಏರ್ಪಾಡು ಸರಿ. ಬೇಟೆಯೇ ಅಪರಾಧವಾದ ನಮ್ಮಲ್ಲಿ ಅದನ್ನು ತಂದರೆ ಪ್ರತಿಯೊಂದು ಬೇಟೆಯೂ ಅಪಘಾತವೆನಿಸಿಕೊಂಡೀತು. ಮೇಲಾಗಿ, ನಮ್ಮವರ ವಾಹನದಲ್ಲಿ ಮಾಂಸ ಸಿಕ್ಕಿದರೆ ಏನೇನು ಕತೆ ಹುಟ್ಟುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಾಯಗೊಂಡ ಪ್ರಾಣಿ ಕಂಡರೆ ಮುಂದಿನ ಅರಣ್ಯ ತಪಾಸಣಾ ಠಾಣೆಯಲ್ಲಿ ತಿಳಿಸಿದರೆ ನಮ್ಮ ಕರ್ತವ್ಯ ಮುಗಿಯಿತು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಿದ್ದೂ, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದದ್ದೂ ಆ ಜೀವಗಳು ರಸ್ತೆಯಲ್ಲಿ ಸಾಯಬಾರದೆಂದೇ. ಆ ನಿಷೇಧವನ್ನು ಕಂಡು ಗೊಣಗುವವರಲ್ಲಿ ನಮ್ಮವರೂ ಇದ್ದಾರೆ.