ಚೈನಿಗೆ ಎಣ್ಣೆ ಸುರಿದರೆ ಸಾಲದು
ಮಲೆನಾಡಿನ ಮಣ್ಣುದಾರಿಗೆ ಸೈಕಲ್ ಒಯ್ಯುವವರು ಚೈನಿಗೆ ಧಾರಾಳವಾಗಿ ಎಣ್ಣೆ ಸುರಿದರೆ ಸಾಕು, ತುಂಡಾಗುವವರೆಗೆ ಬದಲಿಸಬೇಕಿಲ್ಲ ಎಂದು ಕಳೆದ ಸಂಚಿಕೆಯ ಲೇಖನ ಹೇಳುತ್ತದೆ. ಎರಡೂ ತಪ್ಪು. ಹೊರಗೆ ಮೆತ್ತಿದ ಎಣ್ಣೆ ಕೆಂಪು ಧೂಳನ್ನು ಹಿಡಿದು ಪಿನ್ನು, ರೋಲರುಗಳನ್ನು ಅರದಂತೆ ತೇಯುತ್ತದೆ. ರೋಲರಿಗೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗಿನದನ್ನೆಲ್ಲ ಹಳೇ ಬಟ್ಟೆಯಿಂದ ಒರೆಸಬೇಕು. ಎಣ್ಣೆ ಬೇಕಾದದ್ದು ಒಳಗೆ.

ಹೊಸ ಚೈನಿನ 24 ಕೊಂಡಿಗಳ ಉದ್ದ 12 ಇಂಚು. ಅದು 1/16 ಇಂಚು ಹಿಗ್ಗಿದರೆ ಬದಲಿಸಲೇಬೇಕು. 1/8 ಇಂಚಿನವರೆಗೆ ಬಿಟ್ಟರೆ ಹಿಂದಿನ ಕ್ಯಾಸೆಟ್ಟಿನ ಹಲ್ಲುಗಳೂ ಸವೆದು, ಹೊಸ ಚೈನ್ ಅದರ ಮೇಲೆ ಜಾರುತ್ತದೆ. ಚಾರ್ಮಾಡಿಯ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಹಾಗಾದರೆ ಸವಾರ ಬೀಳುವುದು ರಸ್ತೆಗೇ. ಹೊರಡುವ ಮುನ್ನ ದಯವಿಟ್ಟು ಸ್ಕೇಲು ಹಿಡಿದು ಅಳೆಯಿರಿ.