ಹರಿಯುವ ದೀಪವೂ ಹಿಂದೆ ಬರುವವನ ಕಣ್ಣೂ

ರಾತ್ರಿಯ ಹೊತ್ತು ಮುಂದೆ ಹೋಗುತ್ತಿರುವ ಮೋಟಾರು ತಿರುವಿಗೆ ಸಿದ್ಧವಾದಾಗ ಅದರ ಹಿಂಬದಿಯ ಹಳದಿ ದೀಪಗಳು ಒಂದಾದ ಮೇಲೊಂದು ಹೊತ್ತಿಕೊಂಡು, ಬೆಳಕು ಒಳಗಿನಿಂದ ಹೊರಅಂಚಿಗೆ ಹರಿದಂತೆ ತೋರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ನೋಟವೇನೋ ಮನೋಹರವಾದುದೇ. ಅದನ್ನು ಕಂಡ ವಿದ್ಯಾರ್ಥಿಗೆ ತಾನೂ ಅಂಥದೊಂದನ್ನು ಕಟ್ಟಬೇಕೆಂಬ ಆಸೆ ಮೂಡುವುದು ಸಹಜ. ಕಟ್ಟಬಹುದು ಮಾತ್ರವಲ್ಲ, ಕಟ್ಟಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಅದು ಸರಿಯಾಗಿದೆಯೇ ಎಂದು ಅಳೆಯಬೇಕಾದುದು ಕಟ್ಟಿದವನ ಕಣ್ಣಿನಿಂದಲ್ಲ. ಹಿಂದೆ ಬರುತ್ತಿರುವ ಅಪರಿಚಿತನ ಕಣ್ಣಿನಿಂದ. ಈ ಮಾತನ್ನು ತುಸು ವಿಸ್ತರಿಸಿ ಹೇಳುವ ಅಗತ್ಯವುಂಟು.

ಹರಿಯುವ ದೀಪದ ಕಲ್ಪನೆ ಹೊಸದಲ್ಲ. ಅಮೆರಿಕದ ಫೋರ್ಡ್ ಕಂಪೆನಿಯ 1965ರ ಥಂಡರ್‌ಬರ್ಡ್ ಕಾರಿನಲ್ಲಿಯೇ ಅದು ಕಾಣಿಸಿಕೊಂಡಿತ್ತು. ಆಗ ಬಲ್ಬುಗಳನ್ನು ಸರದಿಯಂತೆ ಉರಿಸುತ್ತಿದ್ದುದು ಒಂದು ಪುಟ್ಟ ವಿದ್ಯುತ್ ಮೋಟಾರು. ಅದು ತಿರುಗಿದಂತೆ ಉಬ್ಬುಳ್ಳ ಚಕ್ರಗಳು ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತುತ್ತಿದ್ದವು. ಇಂದು ಆ ಮೋಟಾರಿನ ಕೆಲಸವನ್ನು ಮೈಕ್ರೋಕಂಟ್ರೋಲರ್ ಎಂಬ ಸಣ್ಣ ಚಿಪ್ಪು ಮಾಡುತ್ತದೆ. ಬಲ್ಬಿನ ಸ್ಥಾನಕ್ಕೆ ಎಲ್‌ಇಡಿ ಬಂದಿದೆ. ವಿದ್ಯಾರ್ಥಿಗಳಿಗೆ ಪರಿಚಿತವಾದ ಆರ್ಡುಯಿನೊ ಊನೊ ಹಲಗೆಯ ಮೇಲಿನ ಚಿಪ್ಪು ಸೆಕೆಂಡಿಗೆ 1 ಕೋಟಿ 60 ಲಕ್ಷ ಮಿಡಿತಗಳ ಗಡಿಯಾರಕ್ಕೆ ಹೆಜ್ಜೆ ಹಾಕುತ್ತದೆ. ಆರು ದೀಪಗಳ ಸರದಿಯನ್ನು ನೋಡಿಕೊಳ್ಳುವುದು ಅದಕ್ಕೆ ಆಟದ ಮಾತು.

ಮೇಜಿನ ಮೇಲೆ ಇದನ್ನು ಕಟ್ಟಲು ಬೇಕಾದ ಗಣಿತ ಓಮನ ನಿಯಮವಷ್ಟೆ. ಹಲಗೆಯು ಕೊಡುವುದು 5 ವೋಲ್ಟ್. ಹಳದಿ ಎಲ್‌ಇಡಿಯು ತನಗಾಗಿ ಉಳಿಸಿಕೊಳ್ಳುವುದು ಸುಮಾರು 2 ವೋಲ್ಟ್. ಉಳಿದ 3 ವೋಲ್ಟನ್ನು 220 ಓಮ್‌ನ ರೆಸಿಸ್ಟರಿನ ಮೇಲೆ ಇಳಿಸಿದರೆ ಹರಿಯುವ ಪ್ರವಾಹ 14 ಮಿಲಿಆಂಪಿಯರಿಗೆ ತುಸು ಕಡಿಮೆ. ಚಿಪ್ಪಿನ ಒಂದೊಂದು ಕಾಲಿನಿಂದಲೂ 20 ಮಿಲಿಆಂಪಿಯರನ್ನು ಮೀರದಿರುವುದು ಲೇಸಾದುದರಿಂದ ಈ ಲೆಕ್ಕ ಕ್ಷೇಮಕರವಾದುದು. ರೆಸಿಸ್ಟರನ್ನು ಬಿಟ್ಟುಬಿಟ್ಟರೆ ಪ್ರವಾಹಕ್ಕೆ ಕಡಿವಾಣವಿಲ್ಲದೆ ದೀಪವೋ ಚಿಪ್ಪೋ ಕೆಡಬಹುದು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಯಾರೂ ಮಾಡಿಯಾರು. ನಿಜವಾದ ಪ್ರಶ್ನೆಗಳು ಹುಟ್ಟುವುದು ದೀಪಗಳು ಹೊತ್ತಿಕೊಂಡ ಮೇಲೆ.

ಮೊದಲನೆಯದು ಕಾಲದ ಪ್ರಶ್ನೆ. ಒಂದು ದೀಪಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಬಿಡುವಿರಬೇಕು? ಕಣ್ಣಿಗೆ ಹಿತವೆಂದು 100 ಮಿಲಿಸೆಕೆಂಡು ಇಟ್ಟೆವೆನ್ನಿ. ಆರು ದೀಪಗಳ ನಡುವೆ ಐದು ಬಿಡುವುಗಳು. ಸಾಲು ಪೂರ್ಣವಾಗಿ ಬೆಳಗಲು ಅರ್ಧ ಸೆಕೆಂಡು ಬೇಕಾಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ವಾಹನ ಅಷ್ಟರಲ್ಲಿ 8 ಮೀಟರಿಗೂ ಹೆಚ್ಚು ದೂರ ಕ್ರಮಿಸಿರುತ್ತದೆ. ತಿರುವು ದೀಪ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕೆಂಬುದು ರೂಢಿಯಲ್ಲಿರುವ ನಿಯಮ. ನಡುವಿನ 90ನ್ನು ಹಿಡಿದರೆ ಒಂದು ಆವೃತ್ತಿಗೆ 0.67 ಸೆಕೆಂಡು, ಅದರಲ್ಲಿ ಅರ್ಧ ಕಾಲ ದೀಪ ಉರಿಯುವುದಾದರೆ ಸಿಕ್ಕುವುದು 0.33 ಸೆಕೆಂಡು ಮಾತ್ರ. ಅರ್ಧ ಸೆಕೆಂಡಿನ ಮೆರವಣಿಗೆ ಅದರೊಳಗೆ ಹಿಡಿಸುವುದೇ ಇಲ್ಲ! ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ ನಿಯಮಗಳಂತೆ ಸರದಿಯು 200 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಒಮ್ಮೆ ಹೊತ್ತಿದ ದೀಪ ಆ ಮಿನುಗು ಮುಗಿಯುವ ತನಕ ಉರಿಯುತ್ತಲೇ ಇರಬೇಕು. ಬಿಡುವನ್ನು 30 ಮಿಲಿಸೆಕೆಂಡಿಗೆ ಇಳಿಸಿದರೆ ಸಾಲು 150ರಲ್ಲಿ ಪೂರ್ಣವಾಗುತ್ತದೆ. ತಂತಿಯ ಬಲ್ಬು ಕಾದು ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತಿತ್ತು. ಎಲ್‌ಇಡಿಯಾದರೋ ತತ್‌ಕ್ಷಣ ಬೆಳಗುತ್ತದೆ. ವಿಜ್ಞಾನವು ಗಳಿಸಿಕೊಟ್ಟ ಈ ಕಾಲವನ್ನು ಅಲಂಕಾರಕ್ಕೆಂದು ಪೋಲು ಮಾಡುವುದು ವಿವೇಕವಲ್ಲ.

ಎರಡನೆಯದು ಗಮನದ ಪ್ರಶ್ನೆ. ಹೊಸಬರು ಬರೆಯುವ ಪ್ರೋಗ್ರಾಮಿನಲ್ಲಿ ಚಿಪ್ಪು ಒಂದು ದೀಪವನ್ನು ಹೊತ್ತಿಸಿ ಸುಮ್ಮನೆ ಕಾಯುತ್ತದೆ, ಮತ್ತೊಂದನ್ನು ಹೊತ್ತಿಸಿ ಮತ್ತೆ ಕಾಯುತ್ತದೆ. ಹೀಗೆ ಕಾಯುತ್ತಿರುವಾಗ ಚಾಲಕನು ಸ್ವಿಚ್ಚನ್ನು ಬದಲಿಸಿದರೂ ಆ ಪ್ರೋಗ್ರಾಮು ಅದನ್ನು ನೋಡದು. ಕಾಯುತ್ತ ಕೂರುವ ಬದಲು ಗಡಿಯಾರವನ್ನೂ ಸ್ವಿಚ್ಚನ್ನೂ ಮತ್ತೆ ಮತ್ತೆ ನೋಡುತ್ತಿರುವಂತೆ ಅದನ್ನು ತಿದ್ದಬೇಕು.

ಮೂರನೆಯದು, ಎಲ್ಲಕ್ಕಿಂತ ಗುರುತರವಾದುದು, ಕೆಡುವಿಕೆಯ ಪ್ರಶ್ನೆ. ಹಳೆಯ ವಾಹನಗಳಲ್ಲಿ ಒಂದು ಬಲ್ಬು ಸುಟ್ಟುಹೋದರೆ ಪ್ರವಾಹ ಕಡಿಮೆಯಾಗಿ ಮಿನುಗಿನ ಗತಿಯೇ ಬದಲಾಗುತ್ತಿತ್ತು. ಏನೋ ಕೆಟ್ಟಿದೆಯೆಂದು ಚಾಲಕನಿಗೆ ತಿಳಿಯುತ್ತಿತ್ತು. ನಾವು ಮೇಜಿನ ಮೇಲೆ ಕಟ್ಟಿದ ಮಂಡಲಕ್ಕೆ ಈ ಪ್ರಾಮಾಣಿಕತೆ ತಾನಾಗಿ ಬರುವುದಿಲ್ಲ. ಹಿಂದಿನ ದೀಪ ಸತ್ತಿದ್ದರೂ ಪ್ರೋಗ್ರಾಮು ತನ್ನ ಪಾಡಿಗೆ ತಾನು ಎಣಿಸುತ್ತಲೇ ಇರುತ್ತದೆ. ಚಿಪ್ಪೇ ಸ್ತಬ್ಧವಾದರಂತೂ ದೀಪ ಕತ್ತಲಾಗಿ ಉಳಿಯಬಹುದು. ಕತ್ತಲಾದ ತಿರುವು ದೀಪವೂ ಒಂದು ಮಾತನ್ನಾಡುತ್ತದೆ ಎಂಬುದನ್ನು ಮರೆಯಬಾರದು: 'ನಾನು ನೇರವಾಗಿ ಹೋಗುತ್ತೇನೆ' ಎಂಬ ಸುಳ್ಳನ್ನು. ಅದನ್ನು ನಂಬಿ ಪಕ್ಕದಿಂದ ಮುನ್ನುಗ್ಗುವ ಸೈಕಲ್ ಸವಾರನ ಗತಿಯೇನು? ಅಂತೆಯೇ ಪ್ರವಾಹವನ್ನು ಅಳೆದು ದೀಪ ಉರಿಯುತ್ತಿದೆಯೇ ಎಂದು ತಿಳಿಯುವುದನ್ನೂ, ಪ್ರೋಗ್ರಾಮು ಸಿಕ್ಕಿಬಿದ್ದರೆ ಚಿಪ್ಪನ್ನು ಮೊದಲಿನಿಂದ ಎಬ್ಬಿಸುವ ಕಾವಲು ಗಡಿಯಾರವನ್ನೂ ವಿದ್ಯಾರ್ಥಿಯು ಕಲಿಯಬೇಕು. ಆ ಕಾವಲುಗಾರನು ಚಿಪ್ಪಿನೊಳಗೇ ಇದ್ದಾನೆ. ಅವನನ್ನು ಕೆಲಸಕ್ಕೆ ಹಚ್ಚುವವರು ಬೇಕು.

ಸಿದ್ಧ ಪ್ರೋಗ್ರಾಮುಗಳು ಧಾರಾಳವಾಗಿ ಸಿಕ್ಕುವಾಗ ಇಷ್ಟೆಲ್ಲ ತೊಡಕೇಕೆ ಎಂದು ಕೆಲವರು ಕೇಳಬಹುದು. ಪರರ ಪ್ರೋಗ್ರಾಮನ್ನು ಓದಿ ಕಲಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿರುವ 100 ಎಂಬ ಅಂಕೆ ಏಕೆ ಬಂತು, ಅದು 30 ಏಕಾಗಬೇಕು ಎಂದು ಕೇಳದೆ ನಕಲು ಮಾಡಿದವನು ದೀಪವನ್ನು ಹೊತ್ತಿಸಿದನೇ ಹೊರತು ವಿದ್ಯೆಯನ್ನಲ್ಲ.

ಇನ್ನು, ಮೇಜಿನ ಮೇಲೆ ಗೆದ್ದುದನ್ನು ಮನೆಯ ಸ್ಕೂಟರಿಗೆ ಜೋಡಿಸುವ ಆತುರವನ್ನು ನಾವು ಒಪ್ಪಲಾರೆವು. ವಾಹನದ ವಿದ್ಯುತ್ತು ಹಲಗೆಯ 5 ವೋಲ್ಟಿನಂತೆ ಸಾಧುವಾದುದಲ್ಲ. 12 ವೋಲ್ಟಿನ ಬ್ಯಾಟರಿ ಎಂಜಿನು ಓಡುವಾಗ ಸುಮಾರು 14ಕ್ಕೆ ಏರುತ್ತದೆ. ನಡುನಡುವೆ ಕ್ಷಣಿಕವಾದ ಹೆಚ್ಚಿನ ಹೊಡೆತಗಳೂ ಉಂಟು. ಅದರ ಮೇಲೆ ಅದುರುವಿಕೆ, ಮಳೆ, ಬಿಸಿಲು. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯೂ ನಿರ್ಬಂಧಿಸಿದೆ. ಇದನ್ನು ಉತ್ಸಾಹಕ್ಕೆ ತಣ್ಣೀರೆರಚುವ ಮಾತೆಂದು ಯಾರೂ ತಿಳಿಯಬಾರದು. ರಸ್ತೆಯ ದೀಪಗಳು ಎಲ್ಲರಿಗೂ ಸೇರಿದ ಒಂದು ಭಾಷೆ. ಅದರ ಪದಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಉಚ್ಚರಿಸತೊಡಗಿದರೆ ಅರ್ಥ ಕೆಡುತ್ತದೆ.

ಆದುದರಿಂದ ತರುಣ ಮಿತ್ರರು ಈ ಮಂಡಲವನ್ನು ಅವಶ್ಯವಾಗಿ ಕಟ್ಟಲಿ. ರಟ್ಟಿನ ಕಾರಿನ ಹಿಂಬದಿಗೆ ಜೋಡಿಸಿ ಶಾಲೆಯ ವಸ್ತುಪ್ರದರ್ಶನದಲ್ಲಿಡಲಿ. ಆಮೇಲೆ ಒಂದು ದೀಪವನ್ನು ಬೇಕೆಂದೇ ಕಿತ್ತು, ತಮ್ಮ ಯಂತ್ರ ಅದನ್ನು ತಿಳಿಯಿತೇ ಎಂದು ನೋಡಲಿ. ತಿಳಿಯದಿದ್ದರೆ ಕೆಲಸ ಇನ್ನೂ ಮುಗಿದಿಲ್ಲವೆಂದೇ ಅರ್ಥ.