ಬಾವು ಇಳೀಲಿ, ಆಮೇಲೆ ನೋಡೋಣ!

2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯರಿಗೂ ಔಷಧ ವ್ಯಾಪಾರಿಗಳಿಗೂ ಪತ್ರ ಬರೆದು, ಆ್ಯಂಟಿಬಯೋಟಿಕ್ ಯಾವ ಕಾರಣಕ್ಕೆಂದು ಚೀಟಿಯಲ್ಲೇ ನಮೂದಿಸಿ, ಚೀಟಿ ಇಲ್ಲದೆ ಮಾರಬೇಡಿ ಎಂದರು. ಕೇರಳವು ‘ಆಪರೇಷನ್ ಅಮೃತ್’ ಎಂದು ಅಂಗಡಿಗಳ ದಿಢೀರ್ ತಪಾಸಣೆಗಿಳಿಯಿತು. ಆಗಿನಿಂದಲೂ ಡಾಕ್ಟರು ಅಂಗಡಿಯವರತ್ತ, ಅಂಗಡಿಯವರು ಡಾಕ್ಟರತ್ತ ಬೆರಳು ತೋರಿಸುತ್ತಲೇ ಇದ್ದಾರೆ. ಯಾದಗಿರಿ ಕಡೆಯಿಂದ ನೋಡಿದರೆ ಈ ಜಗಳ ಅರ್ಧಂಬರ್ಧದ್ದು. ಇಲ್ಲಿ ಹಲ್ಲುನೋವಿಗೆ ಗುಳಿಗೆ ಬರೆಸುವುದು ಎಷ್ಟೋ ಸಲ ರೋಗವಲ್ಲ, ರೋಗಿ ಹೋಗಿ ಕುಳಿತ ಜಾಗ.

ಹುಳುಕು ನರಕ್ಕೆ ಇಳಿದು ರಾತ್ರಿಯಿಡೀ ನಿದ್ದೆ ಕೆಡಿಸುವ ನೋವಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಒಳಗಿನ ತಿರುಳು ಸಾಯುತ್ತಿರುತ್ತದೆ, ರಕ್ತ ಹರಿಯದ ಕಡೆ ಔಷಧ ತಲುಪುವುದು ಹೇಗೆ? ನರ ತೆಗೆಯಬೇಕು, ಇಲ್ಲವೇ ಹಲ್ಲು ಕೀಳಬೇಕು. ಅಮೆರಿಕದ ದಂತವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಇದನ್ನೇ: ಆರೋಗ್ಯವಂತ ವಯಸ್ಕರಿಗೆ ಕೂಡಲೇ ಹಲ್ಲಿನ ಚಿಕಿತ್ಸೆ ಸಿಗುವಂತಿದ್ದರೆ, ಒಂದೇ ಹಲ್ಲಿನ ಸುತ್ತ ಕೀವು ಕಟ್ಟಿದ್ದರೂ ಆ್ಯಂಟಿಬಯೋಟಿಕ್ ಬೇಡ. ಜ್ವರ ಬಂದು, ಬಾವು ಕತ್ತಿಗಿಳಿದು, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಮಾತು ಬೇರೆ. ಅಲ್ಲಿ ತಡಮಾಡಿದರೆ ಜೀವಕ್ಕೇ ಅಪಾಯ.

‘ಕೂಡಲೇ ಸಿಗುವಂತಿದ್ದರೆ’ ಎಂಬಲ್ಲೇ ನಮ್ಮ ಜಿಲ್ಲೆ ಎಡವುವುದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಲ್ಲಿನ ಡಾಕ್ಟರಿಲ್ಲ. ಅಲ್ಲಿನ ವೈದ್ಯರ ಕೈಯಲ್ಲಿರುವುದು ಪೆನ್ನು ಮಾತ್ರ. ಯಾದಗಿರಿಗೆ ವೈದ್ಯಕೀಯ ಕಾಲೇಜೇನೋ ಬಂತು, ದಂತ ಕಾಲೇಜು ಬೇಕೆಂದರೆ ಕಲಬುರಗಿಗೋ ರಾಯಚೂರಿಗೋ ಬಸ್ಸು ಹತ್ತಬೇಕು. ಸುರಪುರದಿಂದ ಕಲಬುರಗಿಗೆ ಸುಮಾರು ನೂರು ಕಿಲೋಮೀಟರು. ಹತ್ತಿ ಬಿಡಿಸುವ ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಔಷಧದಂಗಡಿಯಲ್ಲಿ “ಹಲ್ಲುನೋವಿನ ಗುಳಿಗಿ ಕೊಡ್ರಿ” ಎನ್ನುವುದೇ ಸುಲಭ. ಹಳ್ಳಿಯ ಆ ವೈದ್ಯರನ್ನು ನಾನು ದೂರಲಾರೆ.

ನನ್ನ ತಕರಾರಿರುವುದು ಕುರ್ಚಿ, ಡ್ರಿಲ್ಲು, ಎಕ್ಸ್‌ರೇ ಎಲ್ಲ ಇಟ್ಟುಕೊಂಡೂ “ಬಾವು ಇಳೀಲಿ, ಐದು ದಿನ ಬಿಟ್ಟು ಬರ್ರಿ” ಎನ್ನುವವರ ಬಗ್ಗೆ. ಕೀವಾದ ಕಡೆ ಮರಗಟ್ಟಿಸುವ ಔಷಧ ಸರಿಯಾಗಿ ಹಿಡಿಯುವುದಿಲ್ಲ ಎನ್ನುತ್ತಾರೆ. ನಿಜ, ಆದರೆ ನರದ ಬುಡಕ್ಕೆ, ಬಾವಿನಿಂದ ದೂರದಲ್ಲಿ ಸೂಜಿ ಹಾಕುವುದನ್ನು ಕಾಲೇಜಿನಲ್ಲೇ ಕಲಿಸಿರುತ್ತಾರೆ. ಹೆಚ್ಚಿನ ಬಾವಿಗೆ ಅದೇ ದಿನ ಕೀವು ಹೊರಬಿಡುವುದೇ ಔಷಧ. ಇನ್ನೊಂದು ವಾದ, “ಇವರು ಮತ್ತೆ ಬರಂಗಿಲ್ಲ, ಅದಕ್ಕೇ ಮುನ್ನೆಚ್ಚರಿಕೆ” ಎಂಬುದು. ಮತ್ತೆ ಬರುವುದಿಲ್ಲ ಎಂದು ಗೊತ್ತಿದ್ದರೆ ಅವತ್ತೇ ಕೀಳಬೇಕಲ್ಲವೇ? ಗುಳಿಗೆ ಕೊಟ್ಟು ಕಳಿಸಿದ ಕೂಲಿಯಾಳು ಗುಳೆ ಹೊರಟು ಬೆಂಗಳೂರು ಸೇರುತ್ತಾನೆ, ಕೊಳೆತ ಹಲ್ಲೂ ಜೊತೆಗೇ ಹೋಗುತ್ತದೆ.

ಬರೆಯುವ ಔಷಧವಾದರೂ ಎಂಥದ್ದು! ಅಮಾಕ್ಸಿಸಿಲಿನ್ ಸಾಕಾಗುವ ಕಡೆ ಸೆಫಿಕ್ಸಿಮ್, ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ. ಸೆಫಿಕ್ಸಿಮ್, ಆಫ್ಲಾಕ್ಸಾಸಿನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರದಿಂದ ಬಳಸಬೇಕಾದ ಗುಂಪಿನಲ್ಲಿಟ್ಟಿದೆ. ಸೆಫಿಕ್ಸಿಮ್ ನಮ್ಮ ದೇಶದ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲೂ ಇದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಆ ನಿಯಮದಂತೆ ಬರೆದವರ, ರೋಗಿಯ ಹೆಸರನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಪಿಡಬೇಕು. ಶಹಾಪುರದ, ಸುರಪುರದ ಅಂಗಡಿಗಳ ಆ ಪುಸ್ತಕವನ್ನು ಔಷಧ ನಿಯಂತ್ರಣ ಇಲಾಖೆ ತೆರೆದು ನೋಡಲಿ. ಅಮಾಕ್ಸಿಸಿಲಿನ್ ಎಚ್1ರಲ್ಲಿಲ್ಲದ ಕಾರಣ ಪುಸ್ತಕದಲ್ಲಿ ಪೂರ್ತಿ ಚಿತ್ರ ಸಿಗಲಾರದು. ಆದ್ದರಿಂದ ಜಿಲ್ಲಾ ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗಗಳಲ್ಲಿ ತಿಂಗಳಿಗೆ ಎಷ್ಟು ಹಲ್ಲು ಕಿತ್ತರು, ಎಷ್ಟು ಆ್ಯಂಟಿಬಯೋಟಿಕ್ ಚೀಟಿ ಬರೆದರು, ಎರಡೂ ಲೆಕ್ಕವನ್ನು ಅಕ್ಕಪಕ್ಕ ಬರೆದು ಆಸ್ಪತ್ರೆಯ ಫಲಕದಲ್ಲಿ ಹಾಕಲಿ. ಖಾಸಗಿ ಕ್ಲಿನಿಕ್‌ಗಳಿಂದಲೂ ಅದೇ ಲೆಕ್ಕ ಕೇಳಲಿ.